ಅತ್ತೆ ನಿಂತ ಜಾಗ

ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಬಹಳ ವರ್ಷ ಕಳೆದವಳು ನಾನು. ರಾತ್ರಿ ಪಾಳಿಯಲ್ಲಿ ಆಯಾಗಳು ದೆವ್ವದ ಸುದ್ದಿ ತೆಗೆದರೆ ನಕ್ಕು ಎದ್ದುಹೋಗುತ್ತಿದ್ದೆ. ಹುಟ್ಟುವವರನ್ನೂ ಸಾಯುವವರನ್ನೂ ಅಷ್ಟು ಹತ್ತಿರದಿಂದ ನೋಡಿದ ಮೇಲೆ ಅಂಥದ್ದರಲ್ಲಿ ನಂಬಿಕೆ ಉಳಿದಿರಲಿಲ್ಲ. ಈಗಲೂ ದೆವ್ವವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ನಮ್ಮ ಮನೆಯಲ್ಲೇ ನಡೆದದ್ದೊಂದಿದೆ. ನಡೆದಷ್ಟನ್ನೇ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೊಟ್ಟೂರಿನಲ್ಲಿ ನಾವು ಮನೆ ಕಟ್ಟಿಸಿದ ಬಡಾವಣೆ ಹಿಂದೆ ರುದ್ರಭೂಮಿಯಾಗಿತ್ತು. ಊರು ಬೆಳೆದು ಸುತ್ತ ಮನೆಗಳೆದ್ದಾಗ ಹೂಳುವುದಕ್ಕೆ ಊರಾಚೆ ಬೇರೆ ಜಾಗವಾಯಿತು. ಹಳೆಯದು ಜಾಲಿ ಬೆಳೆದು, ಕಾಂಪೌಂಡ್ ಬಿದ್ದು ವರ್ಷಗಟ್ಟಲೆ ಹಾಗೇ ಇತ್ತು. ಆಮೇಲೆ ಗೋರಿ ಕಟ್ಟಿಸಿದ್ದ ಮನೆತನದವರು ಪೂಜೆ ಮಾಡಿಸಿ ತಮ್ಮ ಹಿರಿಯರ ಎಲುಬುಗಳನ್ನು ಬೇರೆಡೆಗೆ ಸಾಗಿಸಿದರು. ಕಲ್ಲಿಲ್ಲದ, ಗುರುತಿಲ್ಲದ ಸಮಾಧಿಗಳನ್ನು ಯಾರು ಕೇಳಬೇಕು? ಜೆಸಿಬಿ ಬಂದು ನೆಲ ಸಮ ಮಾಡಿತು. ಅರ್ಧ ಸೈಟುಗಳಾದವು, ಅರ್ಧ ಪಾರ್ಕಾಯಿತು. ಹುಲ್ಲು, ಜೋಕಾಲಿ, ಸುತ್ತ ನಡೆಯಲು ಸಿಮೆಂಟಿನ ದಾರಿ. ಹೊಸದಾಗಿ ಬಂದವರಿಗೆ ಹಳೆಯ ಸುಳಿವೇ ಸಿಗುವಂತಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ತಮ್ಮ ಊರು ಹಲವಾಗಲಿನಿಂದ ನಮ್ಮಲ್ಲಿಗೆ ಬಂದರು. ಮದುವೆಯಾದ ಹೊಸತರಲ್ಲಿ ಅವರು ಇದೇ ಕೊಟ್ಟೂರಿನಲ್ಲಿ ಸಂಸಾರ ಮಾಡಿದವರು. ಆದರೆ ಹೆಣ್ಣುಮಕ್ಕಳು ರುದ್ರಭೂಮಿಗೆ ಹೋಗುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅವರು ಅದನ್ನು ನೋಡಿರಲೇ ಇಲ್ಲ. ಊರು ಇಷ್ಟು ಬದಲಾದ ಮೇಲೆ ಗುರುತು ಹಿಡಿಯುವ ಮಾತೇ ಇರಲಿಲ್ಲ. ಗೊತ್ತಾದರೆ ಹೊಸ್ತಿಲು ತುಳಿಯಲಾರರೆಂದು ನನ್ನ ಗಂಡ ಆ ವಿಷಯ ಎತ್ತಲಿಲ್ಲ. ನಾನೂ ಸುಮ್ಮನಿದ್ದೆ.

ಬಂದ ಹೊಸದರಲ್ಲೇ ಒಂದು ಸಂಜೆ ಅತ್ತೆ ಒಬ್ಬರೇ ಪಾರ್ಕಿಗೆ ಹೋದವರು ಬೇಗ ತಿರುಗಿ ಬಂದರು. ಸೆರಗನ್ನು ಎದೆಗೆ ಬಿಗಿಯಾಗಿ ಹಿಡಿದುಕೊಂಡು ಸೀದಾ ಬಚ್ಚಲಿಗೆ ಹೋದರು. ಹೊರಬಂದಾಗ ಕುಪ್ಪಸ ಬದಲಾಗಿತ್ತು, ಮುಖ ಬಾಡಿತ್ತು. ಒದ್ದೆ ಕುಪ್ಪಸ ನನ್ನ ಕೈಗೆ ಸಿಕ್ಕ ಮೇಲೆ ಒಳಗೆ ಕರೆದೊಯ್ದು ಪರೀಕ್ಷಿಸಿದೆ. ಎದೆಯಲ್ಲಿ ಹಾಲು ಬಂದಿತ್ತು. ಎಪ್ಪತ್ತು ದಾಟಿದ ಹೆಂಗಸಿಗೆ, ಹಸಿ ಬಾಣಂತಿಗೆ ಬರುವಂಥ ಹಾಲು.

ನನಗೆ ಮೊದಲು ಹೊಳೆದದ್ದು ಗಡ್ಡೆಯ ಭಯ. ಮರುದಿನವೇ ದಾವಣಗೆರೆಗೆ ಕರೆದುಕೊಂಡು ಹೋದೆ. ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಆಯಿತು. ಯಾವುದರಲ್ಲೂ ಏನೂ ಸಿಗಲಿಲ್ಲ. ಬಿಪಿ ಮಾತ್ರೆಯಿಂದ ಅಪರೂಪಕ್ಕೆ ಹೀಗಾಗಬಹುದೆಂದು ಡಾಕ್ಟರು ಮಾತ್ರೆ ಬದಲಿಸಿದರು. ನಾನು ನಿರಾಳವಾದೆ. ಮೊಣಕಾಲು ನೋವಿನಿಂದ ಅತ್ತೆ ಕೆಲವು ವಾರ ಮನೆ ಬಿಟ್ಟು ಕದಲಲಿಲ್ಲ; ಆಗ ಏನೂ ಆಗಲಿಲ್ಲ.

ಆಮೇಲೊಂದು ಸಂಜೆ ನಾನೇ ಕೈಹಿಡಿದು ಪಾರ್ಕಿಗೆ ಕರೆದೊಯ್ದೆ. ಯಾವುದೋ ಶೇಂಗಾ ಬೆಳೆಯ ಮಾತಾಡುತ್ತ ಬರುತ್ತಿದ್ದವರು ಜೋಕಾಲಿ ದಾಟಿ ಹೊಂಗೆ ಗಿಡದ ಹತ್ತಿರ ನಿಂತುಬಿಟ್ಟರು. ಕೈ ಎದೆಗೆ ಹೋಯಿತು.

“ಯವ್ವಾ, ಮತ್ತ ಬಂತು ನೋಡು,” ಅಂದರು ಮೆಲ್ಲಗೆ. “ಅವತ್ತೂ ಇಲ್ಲೇ ಬಂದಿದ್ದು.”

ಕೂಸಿನ ಅಳು ಕೇಳಿದರೆ ಬಾಣಂತಿಯರಿಗೆ ತಾನಾಗಿ ಹಾಲಿಳಿಯುವುದು ನನಗೆ ಗೊತ್ತು. ಸುತ್ತ ನೋಡಿದೆ. ಕೂಸೇ ಇರಲಿಲ್ಲ. ಜೋಕಾಲಿಯಲ್ಲಿದ್ದವರೆಲ್ಲ ಶಾಲೆಗೆ ಹೋಗುವ ಹುಡುಗರು. ಸೆರಗಿನ ಮೇಲೆ ಒದ್ದೆ ಹರಡುವುದನ್ನು ಕಣ್ಣಾರೆ ಕಂಡೆ. ಅತ್ತೆ ಹುಲ್ಲಿನ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.

ಅಲ್ಲಿ ಕೂತೇ ಅವರು ಹೇಳಿದರು. ನನ್ನ ಗಂಡನಿಗಿಂತ ಮೊದಲು, ಈ ಊರಲ್ಲೇ ಇದ್ದಾಗ, ಒಂದು ಹೆಣ್ಣು ಕೂಸು ಹುಟ್ಟಿತ್ತಂತೆ. ಹೆಸರಿಡುವ ಮುನ್ನವೇ ಜ್ವರ ಬಂದು ತೀರಿಹೋಯಿತು. ಮಾವ ಅದನ್ನು ಬಟ್ಟೆಯಲ್ಲಿ ಸುತ್ತಿ ಒಬ್ಬರೇ ಎತ್ತಿಕೊಂಡು ಹೋಗಿ ಬಂದರು. ಕೂಸು ಹೋದ ಮೇಲೂ ಹಾಲು ನಿಲ್ಲಲಿಲ್ಲ. ಎದೆಗೆ ಮಲ್ಲಿಗೆ ಹೂ ಕಟ್ಟಿ ಬತ್ತಿಸಿದರಂತೆ. ಈ ಸಂಗತಿ ನನ್ನ ಗಂಡನಿಗೂ ತಿಳಿದಿರಲಿಲ್ಲ.

“ಎಲ್ಲಿ ಇಟ್ಟು ಬಂದ್ರು ಅಂತ ನಿಮ್ಮ ಮಾವ ಹೇಳಲಿಲ್ಲ. ಕೇಳಾಕ ನನಗೂ ಬಾಯಿ ಬರಲಿಲ್ಲ. ಈಗ ಕೇಳಬೇಕಂದ್ರ ಅವರೂ ಇಲ್ಲ.”

ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. “ಅತ್ತಿ, ಇದು ಮೊದಲು ರುದ್ರಭೂಮಿ ಆಗಿತ್ತುರಿ,” ಅಂದೆ. ಸಿಟ್ಟಾಗುತ್ತಾರೆ, ಇವತ್ತೇ ಹಲವಾಗಲಿಗೆ ಹೊರಡುತ್ತಾರೆ ಅಂದುಕೊಂಡೆ. ಅವರು ನನ್ನ ಕಡೆ ನೋಡಲೂ ಇಲ್ಲ. ಕೈಚಾಚಿ ಹುಲ್ಲಿನ ಮೇಲೆ ಅಂಗೈ ಇಟ್ಟರು. ಪಾರ್ಕಿನ ದೀಪ ಹತ್ತುವ ತನಕ ತೆಗೆಯಲಿಲ್ಲ.

ಆಮೇಲೆ ದಿನಾ ಸಂಜೆ ಅಲ್ಲಿ ಹೋಗಿ ಕೂತು ಬಂದರೂ ಮತ್ತೆಂದೂ ಹಾಗಾಗಲಿಲ್ಲ.

ನಾನು ಸುಮ್ಮನಿರಲಾರದೆ ಗೊತ್ತಿದ್ದ ಡಾಕ್ಟರನ್ನೆಲ್ಲ ಕೇಳಿದೆ, ಪುಸ್ತಕ ತಿರುವಿದೆ. ಹಳೆಯ ಮಾತ್ರೆಯ ಪರಿಣಾಮ ಎನ್ನೋಣವೆಂದರೆ, ಎರಡನೇ ಸಲ ಆಗುವ ಹೊತ್ತಿಗೆ ಅದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಮನಸ್ಸಿನ ಸಂಕಟ ಮೈಗೆ ಬಂತು ಎನ್ನೋಣವೆಂದರೆ, ಅದು ಎಂಥ ನೆಲವೆಂದೇ ಅವರಿಗೆ ಗೊತ್ತಿರಲಿಲ್ಲ. ಕೂಸು ಅದೇ ಜಾಗದಲ್ಲಿತ್ತು ಎನ್ನಲಿಕ್ಕೂ ನನ್ನ ಹತ್ತಿರ ಯಾವ ಆಧಾರವೂ ಇಲ್ಲ. ಯಾಕೆ ಹಾಗಾಯಿತೆಂದು ನಿಮಗೆ ಅನಿಸುತ್ತದೆ ಅಂತ ಒಮ್ಮೆ ಅತ್ತೆಯನ್ನೇ ಕೇಳಿದೆ. ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಲಿಲ್ಲ.

“ಯಾಕ ಅಂತ ನನಗ್ಯಾಕ ಬೇಕವ್ವಾ. ಎಲ್ಲಿ ಐತಿ ಅಂತ ಗೊತ್ತಾತಲ್ಲ.”

ನಾನು ಮಾತ್ರ ಇವತ್ತಿಗೂ ಅದಕ್ಕೊಂದು ಕಾರಣ ಹುಡುಕುತ್ತಲೇ ಇದ್ದೇನೆ.