ತುರ್ತು ಕರೆಗಳು ಮಾತ್ರ

ಗೋಕಾಕದ ಕಡೆಯಿಂದ ಮದುವೆಯಾಗಿ ಚಿಂಚವಾಡಕ್ಕೆ ಬಂದಾಗ ಬಸವಣ್ಣೆವ್ವನಿಗೆ ಮರಾಠಿಯ ಒಂದು ಮಾತೂ ಬರುತ್ತಿರಲಿಲ್ಲ. ಗಂಡ ಶಿವಪುತ್ರಪ್ಪ ಕಾರ್ಖಾನೆಯ ಪಾಳಿಗೆ ಹೋದರೆ, ಕಾಲನಿಯ ನಳದ ಮುಂದೆ ಕೊಡ ಹಿಡಿದು ಮೂಕಿಯಂತೆ ನಿಲ್ಲುತ್ತಿದ್ದಳು. ಪಕ್ಕದ ಮನೆಯ ಕೃಷ್ಣಾಬಾಯಿಯೇ ಅವಳನ್ನು ಸಾಲಿನಲ್ಲಿ ನಿಲ್ಲಿಸಿ, ಮಾತು ಕಲಿಸಿದ್ದು. ಮೊದಲ ಪಾಠ ಬೈಗುಳ. ನಳದ ಹತ್ತಿರ ಮೊದಲು ಬೇಕಾಗುವುದು ಅದೇ ಎಂದು. ಇಬ್ಬರೂ ಅಜ್ಜಿಯರಾದರೂ ಆ ಗೆಳೆತನ ಸಡಿಲಾಗಲಿಲ್ಲ.

ಕಳೆದ ಚಳಿಗಾಲದಲ್ಲಿ ಕೃಷ್ಣಾಬಾಯಿಯ ತವರಿಗೆ ಇಬ್ಬರೇ ಹೊರಟರು. ಮುಳಶಿಯ ಆಚೆ, ಗುಡ್ಡದ ಮೇಲಿನ ಸಣ್ಣ ಹಳ್ಳಿ. ಬಸ್ಸಿಳಿದು ಏರುದಾರಿ ಹಿಡಿದು ಅರ್ಧ ಹತ್ತಿದ್ದರೋ ಇಲ್ಲವೋ, ಕೃಷ್ಣಾಬಾಯಿ ಎದೆ ಒತ್ತಿಕೊಂಡು ಕುಸಿದಳು. ಮೈಯೆಲ್ಲ ತಣ್ಣನೆಯ ಬೆವರು.

"ಬಸವಾ... ಛಾತೀತ ಭಾಳ ದುಖತಂಯ," ಎಂದು ಎರಡೂ ಭಾಷೆ ಕಲಸಿ ಎದೆನೋವಿಗೆ ನರಳಿದಳು.

ಬಸವಣ್ಣೆವ್ವ ಕೂಗಿದಳು. ಓಗೊಡಲು ಯಾರೂ ಇರಲಿಲ್ಲ. ಗಂಡನಿಗೆ ಫೋನು ಹಚ್ಚಿದಳು, ಹೋಗಲಿಲ್ಲ. ಮಗಳು ನೀತಾಳಿಗೂ ಹೋಗಲಿಲ್ಲ. ಬಸವಣ್ಣೆವ್ವನ ಸಿಮ್ಮಿನ ಕಂಪನಿಯ ಟವರು ಆ ಗುಡ್ಡದಲ್ಲಿ ಇರಲೇ ಇಲ್ಲ. ನೀತಾ ಅಮ್ಮನಿಗೆಂದು ಫೋನನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದಳು. ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ತುರ್ತು ಕರೆಗಳು ಮಾತ್ರ.

"ಇದಕ್ಕಿಂತ ತುರ್ತು ಇನ್ನ ಯಾವದು ಬೇಕ ನಿನಗ?" ಎಂದು ಫೋನಿಗೇ ಬೈದು, ಪೊಲೀಸ್ ಗಾಡಿಗಳ ಮೇಲೆ ದಿನವೂ ಕಾಣುವ ನೂರಾ ಹನ್ನೆರಡನ್ನು ಒತ್ತಿದಳು. ಹೋಗುವ ನಂಬಿಕೆ ಇರಲಿಲ್ಲ. ಆದರೆ ಎಲ್ಲಿಯದೋ ಬೇರೆ ಕಂಪನಿಯ ಟವರು ಆ ಕರೆಯನ್ನು ಎತ್ತಿಕೊಂಡಿತು. ರಿಂಗಾಯಿತು.

ಆಚೆ ಒಬ್ಬ ಹೆಣ್ಣುಮಗಳು ಮರಾಠಿಯಲ್ಲಿ ಏನಾಯಿತೆಂದು ಕೇಳಿದಳು. ಇಷ್ಟು ವರ್ಷ ಆಡಿದ ಮರಾಠಿ ಬಸವಣ್ಣೆವ್ವನ ಬಾಯಿಂದ ಓಡಿಹೋಗಿತ್ತು. "ನಮ್ಮಕ್ಕ ಸಾಯಾಕತ್ತಾಳ್ರಿ! ಲಗೂನ ಬರ್ರಿ!" ಎಂದಳು. ಆಚೆಯವಳಿಗೆ ತಿಳಿಯಲಿಲ್ಲ. ನೆಲದ ಮೇಲಿದ್ದ ಕೃಷ್ಣಾಬಾಯಿ ಅವಳ ಸೆರಗು ಜಗ್ಗಿ, "ಮರಾಠೀತ ಸಾಂಗ, ವೇಡೇ," ಮರಾಠಿಯಲ್ಲಿ ಹೇಳೇ ಹುಚ್ಚಿ, ಎಂದು ಗದರಿದಳು. ಆ ಗದರಿಕೆಗೆ ಮಾತು ಮರಳಿ ಬಂತು.

"ಆಜೀ, ಫೋನ್ ಠೇವೂ ನಕಾ," ಫೋನು ಇಡಬೇಡಿ, ಎಂದಳು ಆ ಹುಡುಗಿ. ಇಟ್ಟರೆ ತಾನು ತಿರುಗಿ ಮಾಡಲಾಗುವುದಿಲ್ಲ, ಇಂಥ ಫೋನಿಗೆ ಕರೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದಳು. ಹೆಸರು ಹರ್ಷದಾ ಎಂದಳು. ಅವಳು ಹೇಳಿದಂತೆ ಬಸವಣ್ಣೆವ್ವ ಗೆಳತಿಯನ್ನು ಕಲ್ಲಿಗೆ ಒರಗಿಸಿ ಕೂರಿಸಿದಳು, ಕುಪ್ಪಸ ಸಡಿಲಿಸಿದಳು, ಏಳಗೊಡಲಿಲ್ಲ. ಬಸ್ಸಿಳಿದ ಊರಿನ ಹೆಸರು ಹೇಳಿದಳು. ಕಣ್ಣಿಗೆ ಕಾಣುವ ನೀಲಿ ತಗಡಿನ ಕೋಳಿ ಶೆಡ್ಡು, ಪಕ್ಕದ ಮುರಿದ ನೀರಿನ ಟಾಕಿಯನ್ನೂ ಹೇಳಿದಳು. ನಡುವೆ ಮಾತು ನಿಂತರೆ ಹರ್ಷದಾ, "ಆಜೀ, ಇದ್ದೀರಲ್ಲ? ನಾನೂ ಇದ್ದೇನೆ," ಎನ್ನುತ್ತಿದ್ದಳು.

ಕೊನೆಗೆ ಕೆಳಗೆ ಪೊಲೀಸ್ ಜೀಪಿನ ಸದ್ದು ಕೇಳಿತು. ವಿಕ್ರಮ ಎಂಬ ಪೊಲೀಸ ಇನ್ನೊಬ್ಬನ ಜೊತೆ ಓಡಿ ಬಂದ. ಅವನ ಮೊಬೈಲಿಗೂ ಅಲ್ಲಿ ಸಿಗ್ನಲ್ ಇರಲಿಲ್ಲ; ಕೈಯಲ್ಲಿದ್ದ ವಾಕಿಟಾಕಿಯಲ್ಲೇ ಅಂಬುಲೆನ್ಸಿಗೆ ದಾರಿ ಹೇಳಿದ. ಆಮೇಲೆ ಬಸವಣ್ಣೆವ್ವನ ಫೋನು ತೆಗೆದುಕೊಂಡು, ತಲುಪಿದೆವು ಎಂದ. ಬಸವಣ್ಣೆವ್ವ ಇನ್ನೊಂದು ಮಾತು ಆಡುವ ಮೊದಲೇ ಕರೆ ಮುಗಿದು ಹರ್ಷದಾಳ ಧ್ವನಿ ಹೋಯಿತು. ಪೊಲೀಸರಿಬ್ಬರೂ ಸೇರಿ ಕೃಷ್ಣಾಬಾಯಿಯನ್ನು ಕಂಬಳಿಯಲ್ಲಿ ಹೊತ್ತು ಕೆಳಗೆ ಅಂಬುಲೆನ್ಸಿಗೆ ಇಳಿಸಿದರು.

ಹೃದಯದ ನಾಳ ಕಟ್ಟಿತ್ತು. ಡಾಕ್ಟರು ತೆರೆದರು. "ವೇಳೆಗೆ ತಂದಿರಿ," ಎಂದರು.

ಕೃಷ್ಣಾಬಾಯಿ ಮನೆಗೆ ಮರಳಿದ ವಾರ ಬಸವಣ್ಣೆವ್ವ ಡಬ್ಬಿ ತುಂಬ ಕರದಂಟು ಕಟ್ಟಿಕೊಂಡು ಗಂಡನ ಜೊತೆ ವಿಕ್ರಮನ ಪೊಲೀಸ್ ಠಾಣೆಗೆ ಹೋದಳು. "ಇದು ಹರ್ಷದಾಬಾಯಿಗೆ ಮುಟ್ಟಿಸಪಾ," ಎಂದು ಮರಾಠಿಯಲ್ಲಿ ಕೇಳಿಕೊಂಡಳು. ವಿಕ್ರಮ ನಕ್ಕು, ಅವಳು ಕೂರುವ ಊರೇ ಬೇರೆ, ಮಾತು ಮುಟ್ಟಿಸುತ್ತೇನೆ ಎಂದ. ಕರದಂಟು ಠಾಣೆಯವರೇ ತಿಂದರು.

ದಾರಿಯಲ್ಲಿ ಶಿವಪುತ್ರಪ್ಪ, "ಆ ನಂಬರಿಗೇ ಹಚ್ಚಿ ನೀನ ಹೇಳಬಾರದೇನ?" ಎಂದ.

"ಬ್ಯಾಡ್ರಿ. ನಾ ಮಾತಾಡಕೋತ ಕುಂತಾಗ ಇನ್ನ್ಯಾರದರ ಅಕ್ಕ ಗುಡ್ಡದಾಗ ಬಿದ್ದಿದ್ರ?"

ಮನೆ ತಲುಪಿ ಕೃಷ್ಣಾಬಾಯಿಗೆ ಎಲ್ಲ ಹೇಳಿದಳು. ಇಬ್ಬರೂ ದೇವರ ಮುಂದೆ ಕುಳಿತು, ಮುಖ ಕಾಣದ ಆ ಹುಡುಗಿಯ ಹೊಟ್ಟೆ ತಣ್ಣಗಿರಲೆಂದು, ಒಬ್ಬಳು ಕನ್ನಡದಲ್ಲಿ ಇನ್ನೊಬ್ಬಳು ಮರಾಠಿಯಲ್ಲಿ ಬೇಡಿಕೊಂಡರು.