ಬಹುಮಾನದ ಹೋಳಿಗೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ನನಗೊಂದು ಕೆಲಸವಿತ್ತು. ಅಪ್ಪನ ಮಾತನ್ನು ದೊಡ್ಡಪ್ಪನಿಗೂ, ದೊಡ್ಡಪ್ಪನ ಮಾತನ್ನು ಅಪ್ಪನಿಗೂ ಮುಟ್ಟಿಸುವುದು. ಇಬ್ಬರೂ ಒಡಹುಟ್ಟಿದವರು, ಇಬ್ಬರೂ ದೆಹಲಿಯಲ್ಲಿಯೇ ಇದ್ದವರು. ಆದರೆ ಮಾತು ಬಿಟ್ಟು ನಾಲ್ಕು ವರ್ಷಗಳಾಗಿದ್ದವು. ದೊಡ್ಡಪ್ಪನ ಫೋನ್ ಬಂದರೆ ಅಪ್ಪ ರಿಸೀವರನ್ನು ನನ್ನ ಕಿವಿಗೆ ಹಿಡಿದು, ಪಕ್ಕದಲ್ಲಿ ನಿಂತು, "ಹೀಗೆ ಹೇಳು" ಎನ್ನುತ್ತಿದ್ದರು. ಹೇಳಿದ್ದಕ್ಕೆ ಒಂದು ಮಾತು ಕೂಡಿಸಬಾರದು, ಒಂದು ಮಾತು ಕಳೆಯಬಾರದು ಎಂಬುದು ನಿಯಮ.

ಜಗಳಕ್ಕೆ ಕಾರಣ ಅಜ್ಜಿ. ದೊಡ್ಡಪ್ಪ ಮುಖರ್ಜಿ ನಗರದಲ್ಲಿ ಕೋಚಿಂಗ್ ವಿದ್ಯಾರ್ಥಿಗಳಿಗಾಗಿ ಮೆಸ್ ನಡೆಸುತ್ತಿದ್ದರು. ಮನೆಯ ಕೋಣೆಗಳನ್ನೂ ಅವರಿಗೇ ಬಾಡಿಗೆಗೆ ಕೊಟ್ಟಿದ್ದರು. ಕಾಯಿಲೆಯ ಅಜ್ಜಿ ಅಲ್ಲಿಗೆ ಹೋದ ಮೂರನೆಯ ದಿನವೇ, ಮಲಗಿಸಲು ಸ್ಥಳವಿಲ್ಲವೆಂದು ಅವರನ್ನು ಕರೋಲ್ ಬಾಗ್ ಬಳಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಕರೆತಂದು ಬಿಟ್ಟುಹೋದರು. ಅಜ್ಜಿ ನಮ್ಮಲ್ಲಿಯೇ ತೀರಿಕೊಂಡರು. "ಅವನ ಮನೆಯಲ್ಲಿ ಎಲ್ಲರಿಗೂ ಜಾಗ, ಹೆತ್ತವಳಿಗೆ ಮಾತ್ರ ಇಲ್ಲ" ಎಂದು ಅಪ್ಪ ಊಟಕ್ಕೆ ಕುಳಿತಾಗಲೆಲ್ಲ ಹೇಳುತ್ತಿದ್ದರು. ನನಗೆ ಆ ಮಾತು ಮಗ್ಗಿಯಂತೆ ಬಾಯಿಪಾಠವಾಗಿತ್ತು.

ನಾನು ಹತ್ತು ವರ್ಷದವಳಾಗಿದ್ದಾಗ ಮೇ ತಿಂಗಳಲ್ಲಿ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಅಕ್ಕ ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ನಮ್ಮ ವಂಶದಲ್ಲಿ ಹತ್ತನೆಯ ತರಗತಿ ದಾಟಿದವರು ಅದುವರೆಗೆ ಬೇರೆ ಯಾರೂ ಇರಲಿಲ್ಲ. ಅಪ್ಪ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದ್ದರು: ದೊಡ್ಡಪ್ಪ ತಮ್ಮ ಮನೆಯಲ್ಲಿ ಇಟ್ಟುಕೊಂಡರೆ ಅಕ್ಕ ಓದಲಿ, ಇಲ್ಲವಾದರೆ ಹುಬ್ಬಳ್ಳಿಗೆ ಬರಲಿ, ಮದುವೆ ಮಾಡೋಣ. ಅಮ್ಮ ಎಷ್ಟೋ ದಿನ ಬೇಡಿಕೊಂಡ ಮೇಲೆ ದೊಡ್ಡಪ್ಪನನ್ನು ಒಂದು ಭಾನುವಾರ ಊಟಕ್ಕೆ ಕರೆಯಲಾಯಿತು.

ಆ ಬೆಳಿಗ್ಗೆ ಅಡುಗೆಮನೆಯಿಂದ ಬೇಯುವ ಬೇಳೆಯ, ಏಲಕ್ಕಿಯ ಪರಿಮಳ ಬರುತ್ತಿತ್ತು. ಅಕ್ಕ ಕೂಲರಿನ ಮುಂದೆ ಕುಳಿತು ಮರುದಿನದ ಪರೀಕ್ಷೆಗೆ ಓದುತ್ತಿದ್ದಳು. ಎರಡು ಮನೆತನಗಳ ಹಗೆಯಲ್ಲಿ ಇಬ್ಬರು ಪ್ರೇಮಿಗಳು ಸಾಯುವ ಹಳೆಯ ಇಂಗ್ಲಿಷ್ ನಾಟಕ ಅದು. ಆ ಮನೆಗಳ ಆಳುಗಳು ಬೀದಿಯಲ್ಲಿ ಎದುರಾಗಿ ಒಬ್ಬರನ್ನೊಬ್ಬರು ಕೆಣಕುವ ಭಾಗವನ್ನು ಅವಳು ದನಿ ಬದಲಿಸಿ ಬದಲಿಸಿ ಓದಿ, ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು.

"ಇವನು ಒಂದು ಮಾತು ಎಸೀತಾನೆ. ಅವನು ಅದೇ ಮಾತನ್ನ ಹಿಡಿದು, ತಿರುಗಿಸಿ ಇವನ ಮೇಲೇ ಎಸೀತಾನೆ. ಕ್ಯಾಚ್ ಇದ್ದ ಹಾಗೆ."

"ಆಳುಗಳಿಗೆ ಯಾಕೆ ಜಗಳ?"

"ಯಜಮಾನರಿಗೆ ಹಗೆ, ಇವರಿಗೆ ಆಟ ಕಣೇ. ಗೆದ್ದರೆ ಯಜಮಾನ ಶಹಬ್ಬಾಸ್ ಅಂತಾನಲ್ಲ."

"ಕೊನೆಗೆ ಅವರೇ ಸಾಯ್ತಾರಾ?"

"ಇಲ್ಲ. ಸಾಯೋರು ಬೇರೆ."

ನನಗೆ ಆ ಆಟ ಬಹಳ ಇಷ್ಟವಾಯಿತು.

ಮಧ್ಯಾಹ್ನ ದೊಡ್ಡಪ್ಪ ಒಂದು ಚೀಲ ಸಫೇದಾ ಮಾವಿನ ಹಣ್ಣು ಹಿಡಿದು, ಬೆವರು ಒರೆಸಿಕೊಳ್ಳುತ್ತ ಬಂದರು. ಚೀಲವನ್ನು ಬಾಗಿಲ ಬಳಿ ಚಪ್ಪಲಿಗಳ ಪಕ್ಕದಲ್ಲಿ ಇಟ್ಟರು. ಅಣ್ಣತಮ್ಮಂದಿರು ಎದುರುಬದುರಾಗಿ ಚಾಪೆಯ ಮೇಲೆ ಕುಳಿತರು, ನಡುವೆ ನಾನು. ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ನಾನು ಹೇಳಿದ ಮೇಲೆಯೇ ಉತ್ತರ ಹೊರಡುತ್ತಿತ್ತು.

"ಪುಟ್ಟೀ, ನಿಮ್ಮಪ್ಪನಿಗೆ ಹೇಳು. ಈ ಸಾರು ನಮ್ಮ ಮೆಸ್ಸಲ್ಲಿ ಬಡಿಸಿದ್ರೆ ಹುಡುಗರು ಪರೀಕ್ಷೆ ಬಿಟ್ಟು ಅಲ್ಲೇ ಕೂತುಬಿಡ್ತಾರೆ."

ನಾನು ಹೇಳಿದೆ.

"ಅಚ್ಛಾ? ಆ ಮೆಸ್ಸಿನ ಸಾರು ಕುಡಿದೇ ಅವರು ಮೂರು ಮೂರು ಸಲ ಫೇಲಾಗ್ತಾರೆ ಅಂತ ಕೇಳಿದ್ದೆ ಅನ್ನು."

ನಾನು ಹೇಳಿದೆ. ದೊಡ್ಡಪ್ಪನ ಭುಜಗಳು ನಗುವಿನಿಂದ ಕುಲುಕಿದವು. ಅಪ್ಪನ ಮೀಸೆಯ ಕೆಳಗೂ ಏನೋ ಮಿಸುಕಿತು. ಬಾಗಿಲ ಬಳಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕ ಹೋಳಿಗೆಯ ಮೇಲೆ ತುಪ್ಪ ಹಾಕಲು ಬಗ್ಗಿದಾಗ, ದೊಡ್ಡಪ್ಪ ಅವಳ ಮುಖವನ್ನೊಮ್ಮೆ ನೋಡಿ, ಮೆಲ್ಲಗೆ ನನಗೆ ಹೇಳಿದರು:

"ನಿಮ್ಮಪ್ಪನಿಗೆ ಹೇಳು, ಹುಡುಗಿ ಓದಲಿ. ನಮ್ಮ ಮನೆಯಲ್ಲಿ ಜಾಗ ಇದೆ."

ನಾನು ಅಷ್ಟನ್ನೇ ಹೇಳಬೇಕಾಗಿತ್ತು. ಆದರೆ ಬೆಳಗಿನ ಆಟ ನನ್ನ ತಲೆಯಲ್ಲಿತ್ತು. ಮಾತು ಕೈಗೆ ಸಿಕ್ಕಿತ್ತು. ನಾನು ಆಳಿನ ದನಿಯನ್ನೇ ತೆಗೆದು ಹೇಳಿದೆ: "ಅಪ್ಪಾ, ಅವರ ಮನೆಯಲ್ಲಿ ಜಾಗ ಇದೆಯಂತೆ. ಅಜ್ಜಿಗೆ ಮಾತ್ರ ಇರಲಿಲ್ಲವಂತೆ."

ಅಪ್ಪ ನಕ್ಕುಬಿಟ್ಟರು. ಒಂದೇ ಒಂದು ಸಲ, ಮೂಗಿನಿಂದ ಗಾಳಿ ಬಿಟ್ಟ ಹಾಗೆ. ಅವರು ನಗದೆ ನನ್ನ ಕಿವಿ ಹಿಂಡಿದ್ದರೆ ದೊಡ್ಡಪ್ಪ ಬಹುಶಃ ಸುಮ್ಮನಾಗುತ್ತಿದ್ದರು. ಈಗ ದೊಡ್ಡಪ್ಪ ಹೋಳಿಗೆಯಿದ್ದ ತಟ್ಟೆಯಲ್ಲಿಯೇ ಲೋಟದ ನೀರು ಸುರಿದು ಕೈ ತೊಳೆದರು. ನಾಲ್ಕು ವರ್ಷಗಳ ನಂತರ ಮೊದಲ ಸಲ ತಮ್ಮನ ಮುಖ ನೋಡಿಯೇ ಮಾತನಾಡಿದರು.

"ಮಗುವಿಗೆ ಚೆನ್ನಾಗಿ ಕಲಿಸಿದ್ದೀಯ."

"ಮಗು ಸುಳ್ಳು ಹೇಳಲ್ಲ" ಎಂದರು ಅಪ್ಪ.

ದೊಡ್ಡಪ್ಪ ಹೊರಟುಹೋದರು. ಅಕ್ಕ ತುಪ್ಪದ ಬಟ್ಟಲನ್ನು ನೆಲಕ್ಕಿಟ್ಟು, ಕಾದ ಬೀದಿಯಲ್ಲಿ ಬರಿಗಾಲಿನಲ್ಲಿಯೇ ಅವರ ಹಿಂದೆ ಓಡಿದಳು. ಮರಳಿ ಬಂದಾಗ ಅವಳ ಅಂಗಾಲುಗಳು ಕೆಂಪಾಗಿದ್ದವು. ದೊಡ್ಡಪ್ಪನ ಸೈಕಲ್ ರಿಕ್ಷಾ ನಿಲ್ಲಲಿಲ್ಲವಂತೆ.

ಅಪ್ಪ ನನ್ನನ್ನು ಬೈಯಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. ನಾನು ಅದನ್ನು ತಿಂದೆ. ಅದು ಸಿಹಿಯಾಗಿಯೇ ಇತ್ತು. ಮಾವಿನ ಹಣ್ಣುಗಳನ್ನು ಮಾತ್ರ ಅಪ್ಪ ಒಳಗೆ ತರಗೊಡಲಿಲ್ಲ. ಮೂರು ದಿನ ಚಪ್ಪಲಿಗಳ ಪಕ್ಕದಲ್ಲಿಯೇ ಕೊಳೆತು, ಮನೆಯೆಲ್ಲ ಅವುಗಳ ವಾಸನೆ ತುಂಬಿತ್ತು.

ಮರುದಿನ ಅಕ್ಕ ಪರೀಕ್ಷೆ ಬರೆದಳು. ಆ ನಾಟಕದಲ್ಲಿ ಅವಳಿಗೆ ತರಗತಿಗೇ ಹೆಚ್ಚು ಅಂಕಗಳು ಬಂದವೆಂದು ತಿಳಿದಾಗ ನಾವು ಹುಬ್ಬಳ್ಳಿಯಲ್ಲಿದ್ದೆವು. ದಸರೆ ಕಳೆದ ಮೇಲೆ ಅವಳ ಮದುವೆಯಾಯಿತು. ನಮ್ಮ ವಂಶದ ಮೊದಲ ಪದವೀಧರೆ ಎಂದು ನನ್ನ ಹೆಸರನ್ನು ಹೇಳುತ್ತಾರೆ. ನಾನು ಇಂದಿಗೂ ಪ್ರತಿ ವಾಕ್ಯವನ್ನು ಎರಡು ಸಲ ಓದಿ ನೋಡಿಯೇ ಬರೆಯುತ್ತೇನೆ, ಮಕ್ಕಳೇ.

ನಿಮ್ಮ ಕಾಲ ಬೇರೆ. ನಿಮಗೆ ಒಬ್ಬೊಬ್ಬರಿಗೂ ಒಂದೊಂದು ಕೋಣೆಯಿದೆ. ಜಗಳವಾಡಿದರೆ ಬಾಗಿಲು ಹಾಕಿಕೊಳ್ಳುತ್ತೀರಿ. ಹಸಿವಾದಾಗ ಹೊರಗೆ ಬಂದು ಒಂದೇ ಬಟ್ಟಲಿನಿಂದ ತಿನ್ನುತ್ತೀರಿ. ಓದು ಬೇಡವೆಂದರೂ ನಿಮ್ಮನ್ನು ಬಿಡುವವರಿಲ್ಲ. ರಜೆಯಲ್ಲಿ ನನ್ನ ಅಕ್ಕ, ನಿಮ್ಮ ದೊಡ್ಡಜ್ಜಿ, ಮನೆಗೆ ಬಂದಾಗ ಆ ಆಳುಗಳ ದನಿ ತೆಗೆದು ನಿಮ್ಮನ್ನು ನಗಿಸುತ್ತಾಳೆ. ಮುಂದೇನಾಯಿತು ಎಂದು ನೀವು ಕೇಳುತ್ತೀರಿ. ನಾನು ಅದೇ ಕೋಣೆಯಲ್ಲಿ, ನಾಲ್ಕು ಮಾರು ದೂರದಲ್ಲಿ ಕುಳಿತಿರುತ್ತೇನೆ. ಅವಳು ನನ್ನ ಕಡೆ ತಿರುಗುವುದಿಲ್ಲ.

"ನಿಮ್ಮ ಅಜ್ಜಿಗೆ ಹೇಳಿ, ಮುಂದಿನದನ್ನ ಅವಳೇ ಹೇಳಲಿ. ಓದಿದವಳು ಅವಳು."

ನೀವು ಅದನ್ನೊಂದು ಆಟವೆಂದು ತಿಳಿದು, ನಗುತ್ತ ಓಡಿಬಂದು, ಒಂದು ಮಾತೂ ಬಿಡದೆ ನನಗೆ ಹೇಳುತ್ತೀರಿ.