ಅತ್ತಿಗೆಯ ಹಸಿರು ಚೌಕ

ನಮ್ಮ ಅತ್ತಿಗೆಯ ಎರಡೂ ಕಾಲಿಗೆ ದಪ್ಪ ಬೆಳ್ಳಿಯ ಕಡಗಗಳಿದ್ದವು. ಆಳೂ ಗಟ್ಟಿ, ನಡಿಗೆಯೂ ಗಟ್ಟಿ. ಅವರು ಕೊಟ್ಟಿಗೆಯಿಂದ ಬರುವುದು ಬೀದಿಗೆಲ್ಲ ಕೇಳುತ್ತಿತ್ತು. ನಾನು ಪುಸ್ತಕ ಬರೆಯುತ್ತೇನೆಂದು ಹೊರಟ ಮೇಲೆ ಮಾತ್ರ, ಬೆಳಗಿನ ಹೊತ್ತು ಆ ಕಡಗಗಳಿಗೆ ಹಳೇ ಸೀರೆಯ ಚಿಂದಿ ಸುತ್ತಿಕೊಂಡು ತುದಿಗಾಲಲ್ಲಿ ಓಡಾಡತೊಡಗಿದರು. ಅಣ್ಣ ಕೆಮ್ಮಿದರೂ ಗದರುವರು. "ಮೆಲ್ಲಗ್ ಕೆಮ್ಮಿ. ಒಳಗೆ ಬರೀತವ್ನೆ."

ಒಳಗೆ ನಾನು ಬರೆಯುತ್ತಿರಲಿಲ್ಲ. ಗೆರೆ ಎಳೆಯುತ್ತಿದ್ದೆ.

ಎಂಬತ್ತರ ದಶಕದ ಮಾತು. ಬಂಗಾರಪೇಟೆ ಪಕ್ಕದ ಹಳ್ಳಿ ನಮ್ಮದು. ಮಾರಿಕುಪ್ಪಂ ರೈಲು ಹಿಡಿದು ಊರಿಗಾಂನ ಒಂದು ಶಾಲೆಗೆ ಹೋಗಿ ಪಾಠ ಮಾಡುತ್ತಿದ್ದೆ. ಅಲ್ಲಿನ ಚಿನ್ನದ ಗಣಿ ಕೆಲಸದವರ ಬಗ್ಗೆ ಕಾದಂಬರಿ ಬರೆಯುವ ಹುಚ್ಚು ಹತ್ತಿತ್ತು. ರಾಬರ್ಟ್‌ಸನ್‌ಪೇಟೆಯಿಂದ ದೊಡ್ಡ ಡ್ರಾಯಿಂಗ್ ಶೀಟು, ಬಣ್ಣದ ಪೆನ್ಸಿಲು ತಂದು, ಅಧ್ಯಾಯಕ್ಕೊಂದು ಚೌಕ ಹಾಕಿ, ಯಾವ ತಿಂಗಳಿಗೆ ಯಾವುದು ಮುಗಿಯಬೇಕೆಂದು ಬರೆದು ಗೋಡೆಗೆ ಅಂಟಿಸಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನನ್ನಷ್ಟು ನಿಪುಣ ಆ ತಾಲ್ಲೂಕಿನಲ್ಲೇ ಇರಲಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವುದು ನನ್ನ ಪಾಲಿನ ಕೆಲಸ. ಅದನ್ನೂ ಅತ್ತಿಗೆಯೇ ವಹಿಸಿಕೊಂಡರು.

ಅಂಟಿಸಿದ ದಿನ ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಅವರಿಗೆ ಓದು ಬರಹ ಬಾರದು. "ನಂಗೂ ನಾಕ್ ಅಕ್ಸರ ಕಲ್ಸಪ್ಪ," ಎಂದರು. "ನೀ ಬರ್ದಿದ್ದ ಇನ್ನೊಬ್ರು ಓದಿ ಯೋಳೋದು ಬ್ಯಾಡ. ನಾನೇ ಓದ್ಬೇಕು."

"ಪುಸ್ತಕ ಮುಗೀಲಿ ಅತ್ತಿಗೆ, ಮಾರನೇ ದಿನಾನೇ ಶುರು ಮಾಡೋಣ," ಎಂದು ಕೊನೆಯಲ್ಲಿ ಅವರ ಪಾಠಕ್ಕೆಂದೇ ಒಂದು ಚೌಕ ಹಾಕಿ, ಹಸಿರು ತುಂಬಿ ತೋರಿಸಿದೆ. ಆಗ ಅವರ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಮರೆತುಹೋಗಿದ್ದರೆ ಚೆನ್ನಾಗಿತ್ತು.

ಮೊದಲ ಅಧ್ಯಾಯವೇ ಮುಗಿಯಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ನನಗೆ ಯೋಜನೆಯೇ ಸರಿಯಿಲ್ಲವೆನಿಸುತ್ತಿತ್ತು. ಹಳೆಯ ಶೀಟು ಕಿತ್ತು ಹೊಸದು, ಅದು ಸಾಲದೆ ಪಕ್ಕದಲ್ಲಿ ಇನ್ನೊಂದು. ಅರ್ಧ ಹೊತ್ತು ಅಳತೆಪಟ್ಟಿ ಹಿಡಿದು ಕಳೆಯುತ್ತಿತ್ತು, ಮಿಕ್ಕಿದ್ದು ತೂಕಡಿಕೆಗೆ. ಒಂದು ದಿನ ಅತ್ತಿಗೆ ಕಾಫಿ ತಂದಿಟ್ಟು ಗೋಡೆ ನೋಡಿದರು.

"ಓದ್ ಸಲ ನಂದು ಕಿಟ್ಕಿ ತಾವ ಇತ್ತು. ಈಗ ಬಾಗ್ಲತ್ರ ಓಗೈತೆ."

"ಸ್ವಲ್ಪ ತಡ ಆಗುತ್ತೆ ಅತ್ತಿಗೆ."

"ಆಗ್ಲಿ ಬಿಡು, ನಾನೆಲ್ಲಿಗೂ ಓಗಲ್ಲ. ನೋಡ್ಕಂಡು ಜರುಗ್ಸು ಅಷ್ಟೆ. ಇನ್ನೊಂದ್ ಸಲ ಜರುಗ್ಸಿದ್ರೆ ಕೊಟ್ಗೆಗೆ ಬೀಳ್ತೈತೆ," ಎಂದು ನಕ್ಕು ಹೋದರು.

ನನಗೆ ನಾಚಿಕೆಯಾಯಿತು. ಆ ಗಳಿಗೆಯಲ್ಲೇ ಒಂದು ಸ್ಲೇಟು ಹಿಡಿದು ಅವರ ಹಿಂದೆ ಹೋಗಬಹುದಿತ್ತು. ಮೊದಲು ಪುಸ್ತಕ, ಆಮೇಲೆ ಅಕ್ಷರ, ಕ್ರಮ ಕೆಡಬಾರದು ಎಂದುಕೊಂಡು ಕೂತೆ.

ತೊಂಬತ್ತರ ಸುಮಾರಿಗೆ ಊರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿ ಶುರುವಾಯಿತು. ಹೆಂಗಸರನ್ನು ಕರೆಯಲು ಒಬ್ಬಳು ಹುಡುಗಿ ಮನೆ ಬಾಗಿಲಿಗೇ ಬಂದಳು. ನಾನು ಒಳಗಿದ್ದೆ. "ಮನೇಲೇ ಮೇಷ್ಟ್ರನ್ನ ಇಕ್ಕಂಡು ಬ್ಯಾರೆ ಕಡೆ ಕಲಿಯಾಕ್ ಓದ್ರೆ ಜನ ಏನಂತಾರೆ? ನಮ್ಮ ಮೈದ್ನ ಕಲಿಸ್ತಾನೆ, ನೀ ಓಗಮ್ಮ," ಎಂದು ಅತ್ತಿಗೆ ಹೇಳಿದ್ದು ಕೇಳಿಸಿತು. ಹೊರಗೆ ಬಂದು "ಹೋಗಿ ಅತ್ತಿಗೆ, ನನ್ನ ನೆಚ್ಚಬೇಡಿ" ಎನ್ನಲು ಬಾಯಿ ಬರಲಿಲ್ಲ. ಅವರ ವಾರಿಗೆಯ ಹೆಂಗಸರು ವರ್ಷದೊಳಗೆ ಬಸ್ಸಿನ ಬೋರ್ಡು ಓದತೊಡಗಿದರು.

ಕಾದಂಬರಿ ಆಗಲೇ ಇಲ್ಲ. ಯಾಕಾಗಲಿಲ್ಲ ಎಂದು ಅತ್ತಿಗೆ ಕೇಳಲೂ ಇಲ್ಲ.

ಕೆಲವು ವರ್ಷಕ್ಕೆ ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ಆಸ್ಪತ್ರೆಗೆ ಸೇರಿಸಿದೆವು. ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ಮೈದ್ನ, ಮೇಷ್ಟ್ರು," ಎಂದು ಹೇಳಿಕೊಳ್ಳುತ್ತಿದ್ದರು. ಆಪರೇಷನ್ನಿಗೆ ಮುಂಚೆ ನರ್ಸಮ್ಮ ಕಾಗದ ತಂದು, ಸಹಿ ಹಾಕಿ ಎಂದು ಪೆನ್ನು ಚಾಚಿದರು. ಅತ್ತಿಗೆ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ನರ್ಸಮ್ಮನ ಕಡೆ ತಿರುಗಿ, "ಕನ್ನಡ್ಕ ಊರಲ್ಲೇ ಬಿಟ್ಬಂದೆ ಕಣಮ್ಮ, ಎಬ್ಬೆಟ್ಟೇ ಒತ್ತಿಬಿಡ್ತೀನಿ," ಎಂದರು.

ಅತ್ತಿಗೆ ಜನ್ಮದಲ್ಲಿ ಕನ್ನಡಕ ಹಾಕಿದವರಲ್ಲ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆಪರೇಷನ್ನಾದ ಮೇಲೆ ಅವರು ಕಣ್ಣು ತೆರೆಯಲಿಲ್ಲ. ನನ್ನ ಮಾನ ಮುಚ್ಚಲು ಹೇಳಿದ ಆ ಸುಳ್ಳೇ ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು.